ಕೂದಲು ತೂರದ ಕಾರು

"ಗುರುಗಳೇ, ಮಗನನ್ನು ಇಪ್ಪತ್ತೆರಡು ವರ್ಷ ತಿದ್ದಿದೆ. ಈಗ ಅವನು ಮನೆಗೆ ಬರುವುದಿಲ್ಲ. ಇನ್ನು ಯಾವುದನ್ನು ತಿದ್ದಿದರೆ ಬಂದಾನು?"

ಹೀಗೆ ಕೇಳಿದವನು ಅಡಿವೆಪ್ಪ. ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವನ ಕೆಲಸ. ಅವನ ಮಗ ಆರು ತಿಂಗಳಿನಿಂದ ಹೆಂಡತಿಯ ತವರಿನಲ್ಲಿದ್ದ. ಅಪ್ಪ ಬರೆದ ಮೂರು ಕಾಗದಗಳಿಗೂ ಉತ್ತರ ಬಂದಿರಲಿಲ್ಲ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಹುರಿದ ಶೇಂಗಾ ಸುಲಿಯುತ್ತಿದ್ದರು. ವಯಸ್ಸು ಐವತ್ತರ ಆಸುಪಾಸು. ಮುಖ ಗಂಭೀರ, ಬುದ್ಧಿ ಚೇಷ್ಟೆಯದು. ಒಮ್ಮೆ ಬೆಲ್ಲದ ಪಾಕದಲ್ಲಿ ಅದ್ದಿದ ಹಸಿಮೆಣಸಿನಕಾಯಿಯನ್ನು ಪ್ರಸಾದವೆಂದು ಕೊಟ್ಟು, ತಿಂದವನ ಕಣ್ಣೀರನ್ನು ಭಕ್ತಿಯೆಂದು ಹೊಗಳಿದ್ದರು. ಒಂದು ಕತೆಯನ್ನು ಎರಡು ಸಲ ಒಂದೇ ರೀತಿ ಹೇಳಿದವರಲ್ಲ.

"ಇದಕ್ಕೊಂದು ಕತೆ ಇದೆ" ಎಂದರು. "ಕಣ್ಣಾರೆ ಕಂಡದ್ದು. ಅಂದರೆ, ಕಂಡವನೊಬ್ಬನನ್ನು ನಾನು ಕಣ್ಣಾರೆ ಕಂಡಿದ್ದೇನೆ."

ಅಡಿವೆಪ್ಪ ಕಾಲು ಮಡಚಿ ಕುಳಿತ. ಗುರುಗಳು ಹೇಳತೊಡಗಿದರು.

ಗಣಿಯ ಊರೊಂದರಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಅವನಿಗೊಬ್ಬ ತಮ್ಮ. ಇಬ್ಬರೂ ಅಪ್ಪನ ಕೈಕೆಳಗೆ ಕೆಲಸ ಕಲಿತವರು. ಆ ಅಪ್ಪ ಹಿಂದೊಮ್ಮೆ ಗಣಿಯ ಧಣಿಯ ಮಗಳ ಮದುವೆಗೆ ಒಡವೆ ಮಾಡಿಕೊಟ್ಟಿದ್ದ. ಧಣಿ ಹಿಗ್ಗಿ, ತನ್ನ ಹಳೆಯ ಕಾರನ್ನೇ ಅವನಿಗೆ ಕೊಟ್ಟುಬಿಟ್ಟ.

ಅದು ಎಂಟು ಸಿಲಿಂಡರಿನ ಅಮೆರಿಕದ ಕಾರು. ಬಣ್ಣ ಕೆಂಪು. ಬಾಗಿಲು ಎರಡೇ. ಮುಂದಿನ ಅರ್ಧವೆಲ್ಲ ಎಂಜಿನ್ನು, ಹಿಂದಿನ ಅರ್ಧ ಮನುಷ್ಯರಿಗೆ. ಅದನ್ನು ಶುರು ಮಾಡಿದರೆ ಪಕ್ಕದ ಬೀದಿಯ ಅಟ್ಟದ ಮೇಲಿನ ಪಾತ್ರೆಗಳು ಒಂದಕ್ಕೊಂದು ಮಾತಾಡುತ್ತಿದ್ದವು. ಅಕ್ಕಸಾಲಿಗಳು ಅಮಾವಾಸ್ಯೆಯ ದಿನ ಕೆಲಸಕ್ಕೆ ಕೂರುವುದಿಲ್ಲ, ಕುಲುಮೆ ಹೊತ್ತಿಸುವುದಿಲ್ಲ. ಆ ದಿನ ಅಪ್ಪ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಊರ ಹೊರಗೆ ಗಾಳಿಯಂತೆ ಹೋಗಿ ಬರುತ್ತಿದ್ದ.

ಅಪ್ಪ ತೀರಿಕೊಂಡ. ಕಾರು ಹಿತ್ತಿಲಲ್ಲಿ ನಿಂತಿತು. ಅದರೊಳಗೆ ಕೋಳಿಗಳು ಸಂಸಾರ ಹೂಡಿದವು.

ಅಣ್ಣ ಕೆಲಸದಲ್ಲಿ ನಿಪುಣ. ಅವನು ಕೂಡಿಸಿದ ಬೆಸುಗೆಯಲ್ಲಿ ಕೂದಲು ತೂರುತ್ತಿರಲಿಲ್ಲ. ಅದೇ ಕಣ್ಣಿನಿಂದ ತಮ್ಮನನ್ನೂ ನೋಡಿದ. ಊದುಗೊಳವೆ ಹಿಡಿದದ್ದು ಸರಿಯಿಲ್ಲ ಎಂದ. ಕುಳಿತದ್ದು ಸರಿಯಿಲ್ಲ ಎಂದ. ಅನ್ನ ಕಲಸಿದ್ದು, ಚಪ್ಪಲಿ ಬಿಟ್ಟದ್ದು, ಸೀನಿದ್ದು ಕೂಡ ಸರಿಯಿಲ್ಲ ಎಂದ. ಹೇಳಿದ್ದೆಲ್ಲ ನಿಜವೇ. ಅವನು ಸುಳ್ಳು ತಪ್ಪು ಹೊರಿಸುವವನಲ್ಲ.

ಒಂದು ದಿನ ತಮ್ಮ ಕೈಯಲ್ಲಿದ್ದ ಇಕ್ಕಳ ಎಸೆದು ಎದ್ದ.

"ಕೋಳಿ ತತ್ತಿ ಇಡೋ ಆ ಕಾರು ಮತ್ತ ಓಡಿದ ದಿನ ನಾ ಈ ಮನಿಗೆ ಬರ್ತೀನಿ. ಅಲ್ಲೀತನಕ ನೀ ಉಂಟು, ನಿನ್ನ ತಕ್ಕಡಿ ಉಂಟು" ಎಂದು ಹೊರಟುಹೋದ.

ಊರ ಅಂಚಿನಲ್ಲಿ, ಅದಿರಿನ ರೈಲು ಹಳಿಯ ಆಚೆ, ಚಹಾ ಅಂಗಡಿ ಇಟ್ಟ.

ತಮ್ಮನ ಮಾತಿಗೆ 'ಎಂದಿಗೂ ಬರುವುದಿಲ್ಲ' ಎಂದೇ ಅರ್ಥವೆಂದು ಊರಿಗೆಲ್ಲ ತಿಳಿಯಿತು. ಅಣ್ಣ ಮಾತ್ರ ಅದನ್ನು ಕರಾರು ಎಂದು ತಿಳಿದ. ತಮ್ಮನ ಅಂಗಡಿಗೆ ಹೋಗಿ 'ತಪ್ಪಾಯಿತು, ಬಾ' ಎನ್ನುವುದಕ್ಕಿಂತ ಎಂಟು ಸಿಲಿಂಡರು ಬಿಚ್ಚುವುದು ಅವನಿಗೆ ಸುಲಭವೆನಿಸಿತು.

ಮೊದಲ ಅಮಾವಾಸ್ಯೆಗೆ ಕೋಳಿಗಳನ್ನು ಇಳಿಸಿದ. ಒಳಗೆ ಕುಳಿತು ನೋಡಿದ. ಕಾಲು ನೆಲಕ್ಕೆ ತಗುಲಿತು. ಕಾರಿನ ನೆಲಕ್ಕಲ್ಲ, ಹಿತ್ತಿಲ ನೆಲಕ್ಕೆ. ತುಕ್ಕು ತಿಂದು ತಳವೇ ಇರಲಿಲ್ಲ. ಎಂಜಿನ್ನು ತಿರುಗಿಸಲು ಹೋದ. ಅದು ಕಲ್ಲಾಗಿತ್ತು. ಪ್ಲಗ್ಗಿನ ತೂತುಗಳಲ್ಲಿ ಸೀಮೆಎಣ್ಣೆ ಸುರಿದು, ಮುಂದಿನ ಅಮಾವಾಸ್ಯೆಗೆ ಬಂದು ಮತ್ತೆ ತಿರುಗಿಸಿದ. ಅಲುಗಲಿಲ್ಲ. ಮತ್ತೆ ಸುರಿದ. ಐದನೆಯ ಅಮಾವಾಸ್ಯೆಗೆ ಉಗುರಿನಷ್ಟು ಅಲುಗಿತು. ಆ ದಿನ ಅವನು ಮನೆಯಲ್ಲಿ ಹೋಳಿಗೆ ಮಾಡಿಸಿದ.

ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಅಂಟಿಸಿದ. ಎಲ್ಲಿಯದು, ಎಷ್ಟನೆಯದು, ಯಾವ ದಿಕ್ಕಿಗೆ ಮುಖ, ಎಲ್ಲ ಬರೆದ. ಅಂಟು ಮೈದಾ ಹಿಟ್ಟಿನದು. ಒಂದು ತಿಂಗಳಲ್ಲಿ ಇಲಿಗಳು ಬಂದು ಚೀಟಿಗಳನ್ನೆಲ್ಲ ತಿಂದುಹೋದವು. ನಾನೂರು ತುಂಡು ಕಬ್ಬಿಣ ಅನಾಥವಾಗಿ ಬಿದ್ದಿದ್ದವು. ಅಕ್ಕಸಾಲಿ ಅವುಗಳ ನಡುವೆ ಕುಳಿತು ಅತ್ತ. ಆಮೇಲೆ ಎದ್ದು, ಒಂದೊಂದನ್ನೂ ಎತ್ತಿ, ಅದು ಎಲ್ಲಿ ಸವೆದಿದೆ, ಯಾವುದಕ್ಕೆ ಉಜ್ಜಿದೆ ಎಂದು ನೋಡಿ ಜೋಡಿ ಹುಡುಕಿದ. ಅದಕ್ಕೇ ಎರಡು ವರ್ಷ ಹಿಡಿಯಿತು. ಕಾರ್ಬ್ಯುರೇಟರು ಕೂಡಿಸಿದಾಗ ಎರಡು ತಿರುಪು ಉಳಿದವು. ಬಿಚ್ಚಿ ಮತ್ತೆ ಕೂಡಿಸಿದ. ಮೂರು ಉಳಿದವು.

ಪಕ್ಕದಲ್ಲೊಬ್ಬ ಲಾರಿ ಮೇಸ್ತ್ರಿ ಇದ್ದ. ಹಿತ್ತಿಲ ಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದ. ಅಕ್ಕಸಾಲಿ ಎಂಜಿನ್ನಿನ ಒಳಭಾಗಗಳನ್ನು ಒಡವೆಯಂತೆ ಉಜ್ಜಿ ಹೊಳಪು ಕೊಟ್ಟು, ಒಂದರೊಳಗೊಂದು ಬಿಗಿಯಾಗಿ ಕೂರಿಸುತ್ತಿದ್ದುದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಪತ್ತಾರ್ರೇ, ಸ್ವಲ್ಪ ಸಂದು ಬಿಡ್ರಿ. ಕಾದ ಮ್ಯಾಲೆ ಕಬ್ಬಿಣ ಹಿಗ್ಗತೈತಿ. ಹಿಗ್ಗಾಕ ಜಾಗಾ ಬೇಕಲ್ರಿ."

"ನೀ ಲಾರಿ ಕಟ್ಟಾಂವ. ನಾ ಮೂಗುಬೊಟ್ಟು ಕಟ್ಟಾಂವ. ಹರಳು ಅಲುಗಿದ್ರ ಗಿರಾಕಿ ನನ್ನನ್ನ ಅಲುಗಾಡಸ್ತಾರ."

"ಮೂಗುಬೊಟ್ಟು ಎಂಬತ್ತರ ಸ್ಪೀಡಿನ್ಯಾಗ ಓಡಂಗಿಲ್ರಿ."

ಅಕ್ಕಸಾಲಿ ಮರುದಿನ ಗೋಡೆಯನ್ನು ಎರಡು ಮೊಳ ಎತ್ತರಿಸಿದ.

ಆರನೆಯ ವರ್ಷದ ಕಡೆಯ ಅಮಾವಾಸ್ಯೆಗೆ ಎಂಜಿನ್ನು ಶುರುವಾಯಿತು. ಬೀದಿಯವರು ದಂಗಾದರು. ಸದ್ದಾದದ್ದಕ್ಕಲ್ಲ, ಸದ್ದಾಗದ್ದಕ್ಕೆ. ಅಟ್ಟದ ಪಾತ್ರೆ ನಡುಗಿಸುತ್ತಿದ್ದ ಕಾರು ಈಗ ಬೆಕ್ಕಿನಂತೆ ಉಸಿರಾಡುತ್ತಿತ್ತು. ಅಕ್ಕಸಾಲಿ ಬಾನೆಟ್ಟಿನ ಮೇಲೆ ಒಂದು ಲೋಟ ನೀರು ಇಟ್ಟ. ನೀರು ಅಲುಗಲಿಲ್ಲ. ಒಂದು ನಿಮಿಷ ಕೇಳಿ ಆರಿಸಿಬಿಟ್ಟ. ಆಮೇಲೆ ದಿನವೂ ಒಂದೇ ನಿಮಿಷ ಶುರು ಮಾಡುವುದು, ಆರಿಸುವುದು, ಒರೆಸುವುದು. ಹೀಗಾಗಿ ಅದು ಒಮ್ಮೆಯೂ ಬಿಸಿಯೇರಿ ಕಾಯಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅಣ್ಣ ಆ ಹಸಿರು ಕಾರನ್ನು ತೆಗೆದುಕೊಂಡು ತಮ್ಮನ ಅಂಗಡಿಗೆ ಹೊರಟ.

"ಗುರುಗಳೇ" ಎಂದ ಅಡಿವೆಪ್ಪ. "ಮೊದಲು ಕೆಂಪು ಎಂದಿರಿ. ಈಗ ಹಸಿರು ಎಂದಿರಿ."

"ಹಸಿರು ಎಂದೆನೇ?"

"ಈಗ ತಾನೇ ಎಂದಿರಿ."

"ಹಾಗಾದರೆ ನಡುವೆ ಬಣ್ಣ ಹೊಡೆಸಿರಬೇಕು" ಎಂದು ಗುರುಗಳು ಒಂದು ಶೇಂಗಾ ಬಾಯಿಗೆ ಹಾಕಿಕೊಂಡು ಮುಂದುವರಿಸಿದರು.

ದಾರಿ ಚಿಕ್ಕದು. ಎಂಜಿನ್ನು ಬಿಸಿಯಾಗುವ ಮೊದಲೇ ಅಂಗಡಿಯ ಮುಂದೆ ಕಾರು ನಿಂತಿತು. ತಮ್ಮ ಚಹಾ ಸೋಸುತ್ತಿದ್ದ. ಸೋಸುತ್ತ ಸೋಸುತ್ತ ಕೈ ನಿಂತಿತು. ಪಾತ್ರೆ ಇಳಿಸಿ ಹೊರಗೆ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ಆರು ವರ್ಷ ಇದನ್ನ ಮಾಡಿದಿ ಏನಣ್ಣಾ? ನನ್ನ ಸಲುವಾಗಿ?"

"ಕಾರು ಹತ್ತು" ಎಂದ ಅಣ್ಣ.

ತಮ್ಮ ಒಲೆ ಆರಿಸಿದ. ಗಿರಾಕಿಗಳನ್ನು ಎಬ್ಬಿಸಿ ಕಳಿಸಿದ. ಅಂಗಡಿಗೆ ಬೀಗ ಹಾಕಿ ಬಂದು ಅಣ್ಣನ ಪಕ್ಕದಲ್ಲಿ ಕುಳಿತ. ಆರು ವರ್ಷದ ಮೇಲೆ ಅವನು ಮನೆಗೆ ಹೊರಟಿದ್ದ.

"ಮೆಲ್ಲಗ ಬಾಗಲಾ ಹಾಕು" ಎಂದ ಅಣ್ಣ.

ತಮ್ಮ ಮತ್ತೆ ತೆರೆದು ಮೆಲ್ಲಗೆ ಹಾಕಿದ. ಉಸಿರೆಳೆದು, "ಅಪ್ಪನ ವಾಸನಿ ಐತಿ ನೋಡು ಇದರಾಗ" ಎಂದ.

"ಅದು ಪಾಲಿಶ್ ವಾಸನಿ."

ತಮ್ಮ ನಕ್ಕುಬಿಟ್ಟ. ಆ ದಿನ ಅವನು ಯಾವುದಕ್ಕೂ ಸಿಟ್ಟಾಗುವವನಿರಲಿಲ್ಲ.

ಹಳಿಯ ಹತ್ತಿರ ಗೇಟು ಹಾಕಿತ್ತು. ಅದಿರಿನ ರೈಲು ಹಾದುಹೋಗುತ್ತಿತ್ತು. ಐವತ್ತು ಡಬ್ಬಿ. ಕೆಂಪು ಧೂಳು. ಅಣ್ಣ ಎಂಜಿನ್ನು ಆರಿಸಲಿಲ್ಲ. ಅದರ ಮೌನವನ್ನು ತಮ್ಮ ಕೇಳಲಿ ಎಂದು ಅವನ ಆಸೆ. ಕಾರು ಅಲ್ಲೇ ನಿಂತು ಮೆಲ್ಲಗೆ ಬಿಸಿಯೇರಿ ಕಾಯಿತು. ತನ್ನ ಆಯುಷ್ಯದಲ್ಲಿ, ಅಂದರೆ ಎರಡನೆಯ ಆಯುಷ್ಯದಲ್ಲಿ, ಮೊದಲ ಸಲ ಕಾಯಿತು.

ರೈಲು ದಾಟಿತು. ಗೇಟಿನವನು ಸರಪಳಿ ಇಳಿಸಿದ. ಕಾರು ಏರು ಹತ್ತಿ ಹಳಿಯ ಮೇಲೆ ಬಂತು. ಅಲ್ಲಿ, ನಟ್ಟ ನಡುವೆ, ಒಳಗಿದ್ದ ಕಬ್ಬಿಣವೆಲ್ಲ ಒಟ್ಟಿಗೆ ಹಿಗ್ಗಿತು. ಹಿಗ್ಗಲು ಎಲ್ಲಿಯೂ ಜಾಗವಿರಲಿಲ್ಲ. ಒಂದು ಸಣ್ಣ ಕಿರಿಚು. ಅಷ್ಟೇ. ಎಂಜಿನ್ನು ಮತ್ತೆ ಕಲ್ಲಾಯಿತು.

"ಇಳಿ, ನೂಕೋಣ" ಎಂದ ತಮ್ಮ. ಗೇರು ತಪ್ಪಿಸಿ ನೂಕಿದರು. ಚಕ್ರ ಉರುಳಲಿಲ್ಲ. ಚಕ್ರದ ಬೇರಿಂಗುಗಳನ್ನೂ ಅಣ್ಣ ಕೂದಲು ತೂರದಂತೆ ಬಿಗಿದಿದ್ದ. ಅವೂ ಕಾದು ಕಚ್ಚಿಕೊಂಡಿದ್ದವು.

ಆಗ ಗೇಟಿನವನು ಕೂಗಿದ. ಹೋದ ರೈಲು ನಿಂತು, ಹಿಂದಕ್ಕೆ ಬರುತ್ತಿತ್ತು. ಗಣಿಯ ಗಾಡಿಗಳಿಗೆ ಹಾಗೆ ಹಿಂದೆ ಮುಂದೆ ಆಡುವ ರೂಢಿ. ಎಂಜಿನ್ನು ಆ ತುದಿಯಲ್ಲಿ, ಅರ್ಧ ಮೈಲಿ ದೂರ. ಈ ತುದಿಯಲ್ಲಿ ಬರಿ ಅದಿರು ತುಂಬಿದ ಡಬ್ಬಿ. ಅದಕ್ಕೆ ಕಣ್ಣಿಲ್ಲ.

"ಬಿಟ್ಟು ಬರ್ರಿ! ಬಿಟ್ಟು ಬರ್ರಿ!" ಎಂದು ಗೇಟಿನವನು ಬಾವುಟ ಬೀಸುತ್ತ ಓಡಿಬಂದ.

ತಮ್ಮ ಬಿಡಲಿಲ್ಲ. ಆರು ವರ್ಷದ ಅಮಾವಾಸ್ಯೆಗಳು ತನಗಾಗಿ ಹಳಿಯ ಮೇಲೆ ನಿಂತಿವೆ ಎಂದು ಅವನು ತಿಳಿದ. ಕಾರಿನ ಹಿಂದೆ ಹೋಗಿ ಭುಜ ಕೊಟ್ಟ. ನರ ಉಬ್ಬುವಂತೆ ನೂಕಿದ. ಕಾರು ಒಂದು ಗೇಣು ಜಾರಿತು.

ಅಣ್ಣ ಪಕ್ಕದಲ್ಲಿ ನಿಂತು ನೋಡಿದ.

"ಭುಜಾ ಕೊಡಬ್ಯಾಡ" ಎಂದ. "ಅಂಗಿ ಗುಂಡಿ ತಾಗಿ ಗೀರು ಬೀಳತೈತಿ. ಅಂಗೈ ಕೊಡು."

ತಮ್ಮ ತಲೆಯೆತ್ತಿ ಅಣ್ಣನ ಮುಖ ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ಭುಜ ತೆಗೆದು ಅಂಗೈ ಊರಿದ.

"ಒರಸ್ಕೊಂಡು ಕೊಡು" ಎಂದ ಅಣ್ಣ.

ತಮ್ಮ ಅಂಗೈ ಒರೆಸಿಕೊಳ್ಳತೊಡಗಿದ. ಚೊಕ್ಕವಾಗಿ, ಬೆರಳಿನ ಸಂದುಗಳನ್ನೂ ಬಿಡದೆ.

ಗೇಟಿನವನ ಕೈಗೆ ಒಬ್ಬನ ಅಂಗಿ ಮಾತ್ರ ಸಿಕ್ಕಿತು. ಹಿಡಿದು ಎಳೆದ. ಅಂಗಿಯವನೂ ಗೇಟಿನವನೂ ಉರುಳಿ ಕೆಳಗೆ ಬಿದ್ದರು. ಅವನ ಕೈಗೆ ಸಿಕ್ಕವನು ಅಣ್ಣ. ಅದಿರಿನ ಅರವತ್ತು ಡಬ್ಬಿಗಳು ಹಳಿಯ ಮೇಲೆ ಹಾದುಹೋದವು.

ಗುರುಗಳು ಕತೆ ನಿಲ್ಲಿಸಿದರು. ಮಡಿಲಿನ ಸಿಪ್ಪೆಗಳನ್ನು ಒಟ್ಟುಮಾಡಿ ಜಗಲಿಯ ಅಂಚಿಗೆ ಸರಿಸಿದರು. ಅಡಿವೆಪ್ಪನ ಕಡೆ ನೋಡಿದರು. ಅವನ ಮುಖ ಬಿಳಿಚಿಕೊಂಡಿತ್ತು. ಏನನ್ನೋ ಕೇಳಲು ತುಟಿ ಅದುರುತ್ತಿತ್ತು. ಗುರುಗಳು ಕಾದರು. ಸುಲಿದ ಕಾಳು ಅವರ ಬೆರಳಲ್ಲೇ ನಿಂತಿತ್ತು.

ಕೊನೆಗೆ ಅಡಿವೆಪ್ಪ ಕೇಳಿದ.

"ಗುರುಗಳೇ, ಹೋಗುವಾಗ ಐವತ್ತಿದ್ದ ಡಬ್ಬಿ ಬರುವಾಗ ಅರವತ್ತು ಹೇಗಾಯಿತು?"

"ತಮ್ಮ ಉಳಿದನೇ ಎಂದು ನೀನು ಕೇಳಲಿಲ್ಲ, ಅಡಿವೆಪ್ಪ" ಎಂದರು ಗುರುಗಳು.