ಎರಡು ನಾಡಿನ ಗೋಡೆ

"ಗುರುಗಳೇ, ಕಟ್ಟಳೆ ಎಲ್ಲ ನಾಡಿಗೂ ಒಂದೇ. ಆದರೂ ಒಂದು ನಾಡಿನಲ್ಲಿ ಒಪ್ಪಿದ ಕಟ್ಟಡವನ್ನು ಪಕ್ಕದ ನಾಡಿನಲ್ಲಿ ಕೆಡವಿಸುತ್ತಾರೆ. ಇದೆಂಥ ನ್ಯಾಯ?"

ಹೀಗೆ ಕೇಳಿದವನು ಹಂಪಯ್ಯ. ಮನೆ ಕಟ್ಟುವವರ ಮೇಲ್ಮನವಿ ಕೇಳಿ ತೀರ್ಪು ಕೊಡುವ ಕೆಲಸಕ್ಕೆ ಆಗಷ್ಟೇ ನೇಮಕವಾಗಿದ್ದ. ಗುರು ಮರುಳಯ್ಯನವರು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಮಗಳ ಕೈ ಪಳಗಿತ್ತು, ಅವಳಿಗೊಂದು ಮಗ್ಗ ಬೇಕಿತ್ತು. ಮನೆಯೊಳಗೋ ಕಾಲಿಡಲು ಜಾಗವಿಲ್ಲ. ಹಿತ್ತಲಿನಲ್ಲಿ ಕೋಣೆ ಕಟ್ಟಿಸತೊಡಗಿದ. ಗೋಡೆ ಏಳುತ್ತಿದ್ದಂತೆ ಪಕ್ಕದ ಮನೆಯ ಕುಂಬಾರಗಿತ್ತಿ ತಕರಾರು ತೆಗೆದಳು. ನೆರೆಯವರ ಅಂಗಳದ ಬಿಸಿಲು ಕಸಿಯುವ ಗೋಡೆ ಕಟ್ಟಬಾರದು ಎಂಬುದು ಕಟ್ಟಳೆ. ಆ ನಾಡಿನ ಅಧಿಕಾರಿ ಸ್ನಾನ ಮುಗಿಸಿ ಬೆಳಗ್ಗೆಯೇ ಹೊರಡುವವನು. ಬಂದು ನೋಡಿದರೆ ಗೋಡೆಯ ನೆರಳು ಅವಳ ಅಂಗಳದ ತುಂಬ ಬಿದ್ದಿತ್ತು. ಕೆಡವು ಎಂದ.

ನೇಕಾರನ ಹೊಟ್ಟೆ ಉರಿಯಿತು. ಉರಿಯದೆ ಇನ್ನೇನು? ಪಕ್ಕದ ನಾಡಿನಲ್ಲಿ ಅವನ ಭಾವಮೈದುನ ಅಷ್ಟೇ ಎತ್ತರದ ಗೋಡೆಯನ್ನು ಇವನ ಹಾಗೆಯೇ ನೆರೆಯಂಗಳದ ಮೂಡಣಕ್ಕೆ ಕಟ್ಟಿಸಿದ್ದ. ಅಲ್ಲಿಯ ಅಧಿಕಾರಿ ಊಟವಾಗದೆ ಹೊಸ್ತಿಲು ದಾಟುವ ಪೈಕಿಯವನಲ್ಲ. ನಡುಹಗಲಿಗೆ ಬಂದ. ನೆರಳು ಗೋಡೆಯ ಬುಡದಲ್ಲೇ ಇತ್ತು. ಕಟ್ಟಿಕೋ ಹೋಗು ಎಂದುಬಿಟ್ಟ.

ನೇಕಾರ ರಾಜಧಾನಿಗೆ ನಡೆದ. ಹಿರಿಯ ಅಧಿಕಾರಿಯ ಮುಂದೆ ಕೈಮುಗಿದು, "ಸ್ವಾಮಿ, ಸೂರ್ಯನೇನು ನಾಡಿಗೊಬ್ಬನೇ? ಅವನ ಗೋಡೆ ನಿಲ್ಲುವುದಾದರೆ ನನ್ನದೂ ನಿಲ್ಲಲಿ. ಕೆಡವಿದರೆ ನನ್ನ ಮಗಳ ಮಗ್ಗ ಬೀದಿಪಾಲಾಗುತ್ತದೆ" ಎಂದ.

ಹಿರಿಯ ಅಧಿಕಾರಿ ಒಳ್ಳೆಯ ಮನುಷ್ಯ. ಎರಡೂ ನಾಡಿನ ಅಧಿಕಾರಿಗಳನ್ನು ಕರೆಸಿ ವಿಚಾರಿಸಿದ. ಒಬ್ಬನದು ಬೆಳಗು, ಇನ್ನೊಬ್ಬನದು ನಡುಹಗಲು ಎಂದು ತಿಳಿದು ಹಣೆ ಚಚ್ಚಿಕೊಂಡ. ಇನ್ನು ಮುಂದೆ ಎಲ್ಲ ನಾಡಿನಲ್ಲೂ ನಡುಹಗಲಿಗೇ ನೋಡತಕ್ಕದ್ದು ಎಂದು ಆಜ್ಞೆ ಹೊರಡಿಸಿದ. ನೇಕಾರನ ಗೋಡೆಯನ್ನು ಮತ್ತೆ ನೋಡಿದರು, ಅದು ಉಳಿಯಿತು. ಅಬ್ಬಾ, ಅವನ ಸಂತೋಷವೇ! ಬೀದಿಗೆಲ್ಲ ಸಕ್ಕರೆ ಹಂಚಿದ. ಕೋಣೆ ಎದ್ದಿತು, ಮಗಳು ಮಗ್ಗಕ್ಕೆ ಕುಳಿತಳು.

ಒಂದು ಬೆಳಗ್ಗೆ ಕುಂಬಾರಗಿತ್ತಿ ಹಸಿ ಮಡಕೆಗಳನ್ನು ಮುಂದಿಟ್ಟುಕೊಂಡು ನೆರಳಿನಲ್ಲಿ ಸುಮ್ಮನೆ ಕುಳಿತಿದ್ದಳು. ನೇಕಾರನಿಗೆ ಹೇಗೋ ಆಯಿತು.

"ಬೇಸರ ಮಾಡಿಕೊಳ್ಳಬೇಡಕ್ಕ. ನಡುಹಗಲಿಗೆ ನಿನ್ನ ಅಂಗಳದ ತುಂಬ ಬಿಸಿಲು ಬರುತ್ತದಲ್ಲ."

"ಬರುತ್ತದಪ್ಪ, ಬರದೆ ಎಲ್ಲಿ ಹೋಗುತ್ತದೆ? ಹಸಿ ಮಡಕೆಗೆ ಬೇಕಾದದ್ದು ಎಳೆಬಿಸಿಲು. ಆ ಉರಿಬಿಸಿಲಿಗೆ ಇಟ್ಟರೆ ಎಲ್ಲ ಬಿರುಕು ಬಿಡುತ್ತವೆ. ಬಂದವರೆಲ್ಲ ನೆರಳು ನೋಡಿಕೊಂಡು ಹೋದರು. ನಿನಗೆ ಯಾವ ಹೊತ್ತಿನ ಬಿಸಿಲು ಬೇಕಮ್ಮ ಎಂದು ಒಬ್ಬರೂ ಕೇಳಲಿಲ್ಲ."

ಗೋಡೆಯ ಹಿಂದೆ ಮಗಳ ಮಗ್ಗ ಸದ್ದು ಮಾಡುತ್ತಿತ್ತು. ಅದನ್ನು ಕೇಳಲು ನೇಕಾರನಿಗೆ ನಾಚಿಕೆಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಹಂಪಯ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ! ಹಾಗಾದರೆ ಎಲ್ಲ ನಾಡಿನಲ್ಲೂ ಬೆಳಗ್ಗೆಯೇ ನೋಡಬೇಕೆಂದು ಆಜ್ಞೆ ಮಾಡಿಸಿದರೆ ಸರಿಹೋಯಿತು."

"ಆ ಭಾವಮೈದುನನ ನೆರೆಯವನ ಕಸುಬು ಏನೆಂದು ನೀನೂ ಕೇಳಲಿಲ್ಲವಲ್ಲಪ್ಪ" ಎಂದರು ಗುರುಗಳು.