ಕೂಗಿಗೊಂದು ಕಾಳು

ಹುಂಜವೊಂದು ಮೊಬೈಲಿಗೆ ಆ್ಯಪ್ ಮಾಡಿತು. ಯಾರ ಕೆಲಸಕ್ಕೆ ಹೊತ್ತಾದರೂ ಅವರ ಮೊಬೈಲಿನಲ್ಲಿ ಹುಂಜದ ಕೂಗು ಕೇಳುತ್ತಿತ್ತು. ಬೆಲೆ ಎಷ್ಟಿಡಬೇಕೆಂದು ಬಹಳ ಯೋಚಿಸಿ, "ಕೂಗಿಗೊಂದು ಕಾಳು. ಕೂಗದಿದ್ದರೆ ಏನೂ ಬೇಡ. ಇದಕ್ಕಿಂತ ನ್ಯಾಯ ಇನ್ನೇನಿದೆ?" ಎಂದಿತು. ಎಲ್ಲರೂ ಒಪ್ಪಿದರು.

ಮೊದಮೊದಲು ಅದು ಬೆಳಗ್ಗೆ ಒಮ್ಮೆ ಕೂಗುತ್ತಿತ್ತು. ಕಾಳಿನ ರುಚಿ ಹತ್ತಿದ ಮೇಲೆ "ಹೊರಟೆಯಾ?" ಎಂದು ಕೂಗಿತು, "ತಲುಪಿದೆಯಾ?" ಎಂದು ಕೂಗಿತು, "ನೀರು ಕುಡಿದೆಯಾ?" ಎಂದೂ ಕೂಗಿತು.

ಒಂದು ದಿನ ಇರುವೆ ಬಂದು, "ನಿನ್ನ ಆ್ಯಪ್ ಇನ್ನು ನನಗೆ ಬೇಡ" ಎಂದಿತು.

"ದುಬಾರಿಯಾಯಿತೇ? ಅರ್ಧ ಕಾಳು ಕೊಡು" ಎಂದಿತು ಹುಂಜ.

"ಬೆಲೆ ಇಳಿಸಿದರೆ ನೀನು ಇನ್ನೂ ಹೆಚ್ಚು ಕೂಗುತ್ತೀಯ. ನೀನು ಕೂಗಿದಾಗಲೆಲ್ಲ ನಾನು ಹೊರೆ ಇಳಿಸಿ ಮೊಬೈಲ್ ನೋಡಬೇಕು. ನಿನ್ನೆ ಇಡೀ ದಿನ ದುಡಿದರೂ ನನ್ನಿಂದ ಒಂದು ಅಕ್ಕಿಕಾಳೂ ಗೂಡು ಸೇರಲಿಲ್ಲ."

"ಹಾಗಾದರೆ ನ್ಯಾಯವಾದ ಬೆಲೆ ಯಾವುದು? ನೀನೇ ಹೇಳು."

"ಬೆಳಗ್ಗೆ ಒಮ್ಮೆ ಕೂಗು, ಅದಕ್ಕೊಂದು ಕಾಳು. ಆಮೇಲೆ ಸಂಜೆಯವರೆಗೆ ಸುಮ್ಮನಿರು, ಅದಕ್ಕೆ ಹತ್ತು ಕಾಳು."

ಹುಂಜಕ್ಕೆ ನಗು ಬಂತು. ಸುಮ್ಮನಿರುವುದಕ್ಕೆ ಯಾರಾದರೂ ಕಾಳು ಕೊಡುತ್ತಾರೆಯೇ? ಆದರೂ ಒಪ್ಪಿತು. ಮರುದಿನ ಬೆಳಗ್ಗೆ ಒಮ್ಮೆ ಕೂಗಿತು. ಮಧ್ಯಾಹ್ನ ಗಂಟಲು ತುರಿಸಿತು, ಕೊಕ್ಕು ಬಿಗಿಹಿಡಿಯಿತು. ಸಂಜೆಯಾಗುತ್ತಿದ್ದಂತೆ, ಕಾಳು ಕೊಡುವುದನ್ನಾದರೂ ನೆನಪಿಸೋಣವೆಂದು ಕತ್ತೆತ್ತಿತು.

ಅಷ್ಟರಲ್ಲಿ ಅಂಗಳದ ಅಂಚಿನಲ್ಲಿ ತನ್ನತ್ತ ಬರುತ್ತಿದ್ದ ಇರುವೆಗಳ ಸಾಲು ಕಾಣಿಸಿತು. ಹನ್ನೊಂದು ಇರುವೆಗಳು, ಒಂದೊಂದರ ಬಾಯಲ್ಲೂ ಒಂದೊಂದು ಕಾಳು. ಅವನ್ನು ಯಾರೂ ಕೂಗಿ ಕರೆದಿರಲಿಲ್ಲ.