ಬೋರಲು ಕೊಳಗದ ಕಟ್ಟೆ

ಶಂಖಗೇರಿಯ ಬಂದರಿನಲ್ಲಿ ಇಂದು ಹಡಗುಗಳಿಲ್ಲ, ನಾಲ್ಕಾರು ಮೀನುದೋಣಿಗಳಿವೆ ಅಷ್ಟೆ. ದಂಡೆಯ ಸಂತೆಕಟ್ಟೆಯ ನಡುವೆ ಕಲ್ಲಿನ ಕೊಳಗವೊಂದು ಬೋರಲಾಗಿ ಕುಳಿತಿದೆ. ಕಾಳು ಅಳೆಯುವ ಪಾತ್ರೆಯನ್ನು ಮಗುಚಿಟ್ಟರೆ ಹಿರಿಯರು ಬೈಯುತ್ತಾರೆ. ಇಲ್ಲಿ ಮಾತ್ರ ಕಟ್ಟೆಗೆ ಅದರದೇ ಹೆಸರು. ಹಿಂದೆ ಒಮ್ಮೆ ಈ ಕಟ್ಟೆಯಲ್ಲಿ ಮೆಣಸು ಅಳೆಯುವ ಹಕ್ಕು ಕೇತಿಸೆಟ್ಟಿಯದಾಗಿತ್ತು ಎನ್ನುತ್ತಾರೆ. ಕಡಲಾಚೆಯ ಯಾಕೂಬ ವರ್ಷಕ್ಕೊಮ್ಮೆ ಖರ್ಜೂರ ತಂದು ಮೆಣಸು ಒಯ್ಯುತ್ತಿದ್ದ. ಚೀಲ ಕಾಯಲು ಭಾವಮೈದುನ ಇದ್ರೀಸ ಜೊತೆಗಿರುತ್ತಿದ್ದ. ಸೆಟ್ಟಿ ಅಳೆದದ್ದನ್ನು ಯಾಕೂಬ ಮತ್ತೆ ಅಳೆದು ನೋಡುವವನಲ್ಲ. ಊರವರಿಗೆ ಕೂದಲೆಳೆಯಷ್ಟೂ ತಪ್ಪದ ಸೆಟ್ಟಿಗೆ ಒಂದು ವರ್ಷ ದುರ್ಬುದ್ಧಿ ಹೊಕ್ಕಿತು. ಪರದೇಶಿಗೆ ಮಾಡಿದರೆ ಯಾವ ಪಾಪ ಎಂದುಕೊಂಡು ಬೇರೊಂದು ಕೊಳಗದ ಒಳತಳಕ್ಕೆ ಎರಡು ಬೆರಳು ದಪ್ಪ ಜೇನುಮೇಣ ಮೆತ್ತಿದ. ರೂಢಿಯಂತೆ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎಂದು ಕೂಗಿದ. ಆಮೇಲೆ ಎರಡು, ಮೂರು ಎಂದು ಎಣಿಸುತ್ತಾ ಸುರಿದ. ದನಿ ಒಂದಿಷ್ಟೂ ನಡುಗಲಿಲ್ಲ.

ಮರುವರ್ಷ ಯಾಕೂಬ ಒಬ್ಬನೇ ಬಂದ. ಇದ್ರೀಸನೆಲ್ಲಿ ಎಂದು ಸೆಟ್ಟಿ ಕೇಳಿದಾಗ ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದ: "ಅವನನ್ನ ಹೊರಗೆ ಹಾಕಿದೆ, ಸೆಟ್ರೇ. ಊರಲ್ಲಿ ಮಾರುವಾಗ ಮೆಣಸು ಕಡಿಮೆ ಬಂತು. ಚೀಲ ಕಾಯ್ತಿದ್ದವ ಅವನೇ. ನಿಮ್ಮ ಕೊಳಗ ತಪ್ಪೋದುಂಟಾ?"

ಸೆಟ್ಟಿಗೆ ಕಟ್ಟೆಯೇ ಕುಸಿದಂತಾಯಿತು. ಸುತ್ತ ಸಂತೆಯ ಜನ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಮಾನವೂ ಹಕ್ಕೂ ಉಳಿಯುತ್ತಿದ್ದವು. ಯಾವುದೋ ದೇಶದಲ್ಲಿ ಇದ್ರೀಸ ಕಳ್ಳನೆನಿಸಿಕೊಂಡೇ ಬದುಕಬೇಕಾಗುತ್ತಿತ್ತು. ಸೆಟ್ಟಿ ಎದ್ದು ಮನೆಗೆ ಹೋಗಿ ಆ ಕೊಳಗವನ್ನು ತಂದ. ಎಲ್ಲರೆದುರು ಉಗುರಿನಿಂದ ಮೇಣ ಕೆರೆದು, ಪಾತ್ರೆಯನ್ನು ಬೋರಲು ಹಾಕಿದ.

"ಕಳ್ಳ ನಾನು," ಎಂದ.

ಯಾಕೂಬ ಬೈಯಲಿಲ್ಲ. ಬೈದಿದ್ದರೆ ಸೆಟ್ಟಿ ಹೇಗೋ ತಡೆದುಕೊಳ್ಳುತ್ತಿದ್ದ. "ನಮ್ಮೂರಲ್ಲೂ ಕೊಳಗಕ್ಕೆ ಒಂದೇ ತಳ, ಸೆಟ್ರೇ," ಎಂದಷ್ಟೇ ಹೇಳಿ, ಸರಕನ್ನೂ ಇಳಿಸದೆ, ಭಾವಮೈದುನನನ್ನು ಹುಡುಕಲು ಹಡಗು ತಿರುಗಿಸಿದ. ಮುಂದಿನ ವರ್ಷವೂ ಒಬ್ಬನೇ ಬಂದ. ಇದ್ರೀಸ ಯಾವುದೋ ಹಡಗು ಹತ್ತಿ ಹೊರಟುಹೋಗಿದ್ದನಂತೆ, ಸಿಗಲೇ ಇಲ್ಲ. ಸೆಟ್ಟಿ ಮತ್ತೆ ಕೊಳಗ ಮುಟ್ಟಲಿಲ್ಲ. ತಾನೇ ಹೇಳಿ ಈ ಕಲ್ಲಿನ ಕೊಳಗವನ್ನು ಕಡೆಸಿ ಬೋರಲಾಗಿ ನಿಲ್ಲಿಸಿದ. ಸಾಯುವವರೆಗೂ ಅದರ ಪಕ್ಕದಲ್ಲಿ ನಿಂತು, ಹಡಗಿನಿಂದ ಇಳಿಯುವವರ ಮುಖಗಳನ್ನು ನೋಡುತ್ತಿದ್ದನಂತೆ.

ಇಂದಿಗೂ ಇಲ್ಲಿ ಅಳೆಯುವವರು ಮೊದಲು ಪಾತ್ರೆಯ ಒಳಗನ್ನು ಕೊಳ್ಳುವವರಿಗೆ ತೋರಿಸುತ್ತಾರೆ. ಆಮೇಲೆ ಎಲ್ಲರೂ 'ಲಾಭ' ಎಂದೇ ಎಣಿಕೆ ಶುರು ಮಾಡುತ್ತಾರೆ. ಕೇತಿಸೆಟ್ಟಿಯ ಮನೆತನದವರು ಮಾತ್ರ ಕಟ್ಟೆ ಹತ್ತುವುದಿಲ್ಲ. ಕೆಳಗೆ ನಿಂತೇ ಅಳೆಯುತ್ತಾರೆ; ತಲೆ ತಗ್ಗಿಸಿ, ಮೊದಲ ಕೊಳಗಕ್ಕೆ 'ಒಂದು' ಎನ್ನುತ್ತಾರೆ.